ಹಳೇ ಕಾರಿಗೆ ಯಾವ ಎಣ್ಣೆ? ಉತ್ತರ ಇರೋದು ಡಬ್ಬಿಯ ಬೆನ್ನ ಮೇಲೆ

ಟಿವಿಯಲ್ಲಿ ಮುಖ ಕಾಣಿಸೋರಿಗೆ ಹೊರಗೆ ಸಿಕ್ಕವರೆಲ್ಲ ಕೇಳೋದು ಒಂದೇ ತರದ ಪ್ರಶ್ನೆ. ಸರ್ಕಾರ ಬೀಳುತ್ತಾ ಸಾರ್? ಯಾರು ಮುಂದಿನ ಸಿಎಂ? ಆದರೆ ಮೊನ್ನೆ ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು. "ಸಾರ್, ನಂದು ತೊಂಬತ್ತೆರಡರ ಪದ್ಮಿನಿ. ನಮ್ಮ ತಂದೆಯವರು ತಗೊಂಡಿದ್ದು. ಮಗ ಸಿಂಥೆಟಿಕ್ ಆಯಿಲ್ ಹಾಕ್ಸಿ ಅಂತಾನೆ. ಮೆಕ್ಯಾನಿಕ್ಕು, ಅದನ್ನ ಹಾಕಿದ್ರೆ ಎಂಜಿನ್ ಕತೆ ಮುಗೀತು ಅಂತಾನೆ. ಎಲ್ಲಾ ವಿಚಾರ ಮಾತಾಡ್ತೀರಲ್ಲ, ಇದಕ್ಕೊಂದು ಹೇಳಿ ನೋಡೋಣ."

ಆ ಕ್ಷಣಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಪ್ರಶ್ನೆ ಬಿಡಲಿಲ್ಲ. ಮನೆಗೆ ಬಂದು ಓದುತ್ತಾ ಕೂತೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಮಗನೂ ಸುಳ್ಳು ಹೇಳ್ತಿಲ್ಲ, ಮೆಕ್ಯಾನಿಕ್ಕೂ ಸುಳ್ಳು ಹೇಳ್ತಿಲ್ಲ. ಇಬ್ಬರ ಮಾತಿನ ತಾರೀಖು ಮಾತ್ರ ಬೇರೆ. ಮೆಕ್ಯಾನಿಕ್ ಬಾಯಲ್ಲಿ ಬಂದಿದ್ದು 1970ರ ದಶಕದ ಸತ್ಯ. ಮಗನ ಬಾಯಲ್ಲಿ ಬಂದಿದ್ದು ಇವತ್ತಿನ ಜಾಹೀರಾತಿನ ಸತ್ಯ. ಆ ಪದ್ಮಿನಿಗೆ ಇವೆರಡೂ ಪೂರ್ತಿ ಹೊಂದೋದಿಲ್ಲ.

ಇದನ್ನ ಸಣ್ಣ ವಿಷಯ ಅಂದ್ಕೋಬೇಡಿ. ನಮ್ಮಲ್ಲಿ ಹದಿನೈದು ವರ್ಷ ದಾಟಿದ ಕಾರು ಇಟ್ಟುಕೊಳ್ಳೋದೇ ಒಂದು ವ್ರತ. ಮರುನೋಂದಣಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5000 ಆಯಿತು. ಅದರ ಮೇಲೆ ಫಿಟ್‌ನೆಸ್, ಇನ್ಶೂರೆನ್ಸ್, ಹಸಿರು ತೆರಿಗೆ. ಇಷ್ಟೆಲ್ಲ ಕಟ್ಟಿ ಉಳಿಸಿಕೊಂಡ ಎಂಜಿನ್ನು ಒಂದು ಡಬ್ಬಿ ಎಣ್ಣೆಯಿಂದ ಕೈ ಕೊಟ್ಟರೆ? ಬಿಡಿಭಾಗ ಹುಡುಕಿಕೊಂಡು ಜೆ.ಸಿ. ರಸ್ತೆ ಅಲೆಯೋದು ಯಾರು?

ಸರಿ, ಕತೆಯನ್ನ ಬುಡದಿಂದಲೇ ಶುರು ಮಾಡೋಣ.

ನಮ್ಮ ಎತ್ತಿನ ಗಾಡಿಯ ಅಚ್ಚಿಗೆ ಅಜ್ಜಂದಿರು ಹಾಕುತ್ತಿದ್ದದ್ದು ಯಾವುದು? ಹರಳೆಣ್ಣೆ ಕಲೆಸಿದ ಕೀಲೆಣ್ಣೆ. ಅದೇ ಹರಳೆಣ್ಣೆ ಮುಂದೆ ಆಕಾಶಕ್ಕೂ ಹಾರಿತು. ಲಂಡನ್ನಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಅನ್ನುವವನು 1899ರಲ್ಲಿ ಎಣ್ಣೆ ಕಂಪನಿ ಕಟ್ಟಿದ. ಮೋಟಾರು, ವಿಮಾನಗಳಿಗೆ ಅಂತ ಮಾಡಿದ ಎಣ್ಣೆಗೆ ಹರಳೆಣ್ಣೆ ಬೆರೆಸಿ, 1909ರಲ್ಲಿ ಅದಕ್ಕೊಂದು ಹೆಸರಿಟ್ಟ. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್. ಹೆಸರು ಕ್ಯಾಸ್ಟ್ರಾಲ್! ಇವತ್ತಿಗೂ ಪೆಟ್ರೋಲ್ ಬಂಕಿನ ಗೋಡೆ ಮೇಲೆ ನೀವು ನೋಡುವ ಆ ಹೆಸರಿನ ಹೊಟ್ಟೆಯಲ್ಲಿ ನಮ್ಮ ಹೊಲದ ಬದುವಿನ ಹರಳು ಗಿಡ ಕೂತಿದೆ.

ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಿಗಂತೂ ಹರಳೆಣ್ಣೆಯೇ ಬೇಕಿತ್ತು. ಕಾರಣ ಸರಳ. ಆ ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿ ಎಣ್ಣೆ ಇರುವ ಜಾಗದ ಮೂಲಕವೇ ಹಾಯ್ದು ಹೋಗುತ್ತಿತ್ತು. ಖನಿಜ ಎಣ್ಣೆ ಹಾಕಿದರೆ ಪೆಟ್ರೋಲಿನಲ್ಲಿ ಕರಗಿ ತೆಳ್ಳಗಾಗಿಬಿಡುತ್ತಿತ್ತು. ಹರಳೆಣ್ಣೆ ಅಷ್ಟು ಸುಲಭಕ್ಕೆ ಕರಗದು. ಆದರೆ ಸುಟ್ಟ ಹರಳೆಣ್ಣೆ ಹಬೆಯಾಗಿ ಪೈಲಟ್ಟಿನ ಮುಖಕ್ಕೆ ಬಡಿಯುತ್ತಿತ್ತು, ಬಾಯಿಗೂ ಹೋಗುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತೆ ಅಂತ ನಮ್ಮ ಕಾಲದ ಮಕ್ಕಳನ್ನ ಕೇಳಿ. ಶತ್ರುವಿನ ಗುಂಡು ಒಂದು ಕಡೆ, ಹೊಟ್ಟೆಯ ಗುಡುಗುಡು ಇನ್ನೊಂದು ಕಡೆ. ಪಾಪ.

ಹರಳೆಣ್ಣೆಗೆ ಇನ್ನೊಂದು ದೋಷ ಇತ್ತು. ಬಿಸಿಗೆ ಅಂಟಂಟಾಗಿ ಗೋಂದಿನ ಹಾಗೆ ಕೂರುತ್ತಿತ್ತು. ಎಂಜಿನ್ ಬಿಚ್ಚಿ ಕೆರೆದು ತೆಗೀಬೇಕು. ಅಲ್ಲಿ ಗೆದ್ದಿದ್ದು ಖನಿಜ ಎಣ್ಣೆ. 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಬಾವಿ ಕೊರೆದು ಕಚ್ಚಾ ತೈಲ ತೆಗೆದ. ಏಳು ವರ್ಷ ಕಳೆದ ಮೇಲೆ, 1866ರಲ್ಲಿ ಜಾನ್ ಎಲ್ಲಿಸ್ ಅನ್ನುವ ಡಾಕ್ಟರು ಅದಕ್ಕೆ ಔಷಧದ ಗುಣ ಇದೆಯಾ ಅಂತ ಹುಡುಕಲು ಹೋದರು. ಔಷಧ ಸಿಗಲಿಲ್ಲ. ಆದರೆ ಪ್ರಾಣಿಗಳ ಕೊಬ್ಬು ಹಾಕಿ ಕಚ್ಚಿಕೊಂಡು ನಿಲ್ಲುತ್ತಿದ್ದ ಹಬೆ ಎಂಜಿನ್ನಿನ ವಾಲ್ವುಗಳು ಈ ಎಣ್ಣೆ ಹಾಕಿದರೆ ಸಲೀಸಾಗಿ ಆಡುತ್ತವೆ ಅನ್ನೋದು ಸಿಕ್ಕಿತು. ಆ ಎಣ್ಣೆಯೇ ಮುಂದೆ ವಾಲ್ವೊಲಿನ್ ಅನ್ನುವ ಹೆಸರು ಪಡೆಯಿತು.

ಯಾಕೆ ಇದನ್ನ ಹೇಳ್ತಿದ್ದೀನಿ ಅಂದ್ರೆ, ಇವತ್ತು ನಾವು "ಮಾಮೂಲಿ ಆಯಿಲ್", "ಮಿನರಲ್ ಆಯಿಲ್" ಅಂತ ಭಕ್ತಿಯಿಂದ ಹಿಡಿದುಕೊಂಡಿರೋದೂ ಒಂದು ಕಾಲಕ್ಕೆ ಹೊಸಬನೇ. ಕೊಬ್ಬು, ಹರಳೆಣ್ಣೆಗಳ ಮನೆಗೆ ಬಂದ ಹೊಸ ಸೊಸೆ. ಅದರ ಮೇಲೂ ಅನುಮಾನ ಪಟ್ಟವರು ಇದ್ದರು.

ಈಗ ಸಿಂಥೆಟಿಕ್ ಕತೆಗೆ ಬನ್ನಿ. ಇದು ಹುಟ್ಟಿದ್ದು ದುಬಾರಿ ಕಾರಿನ ಮಾಲೀಕರಿಗಾಗಿ ಅಲ್ಲ. ಇದು ಬಡತನದಲ್ಲಿ ಹುಟ್ಟಿದ ಕೂಸು.

ಜರ್ಮನಿಯ ನೆಲದಲ್ಲಿ ಕಲ್ಲಿದ್ದಲು ಬೇಕಾದಷ್ಟು. ತೈಲ ಮಾತ್ರ ಹೇಳಿಕೊಳ್ಳುವಷ್ಟಿಲ್ಲ. ಕಲ್ಲಿದ್ದಲಿನಿಂದಲೇ ತೈಲ ಮಾಡಿದರೆ? ಫ್ರೆಡ್ರಿಕ್ ಬೆರ್ಗಿಯುಸ್ ಭಾರೀ ಒತ್ತಡದಲ್ಲಿ ಕಲ್ಲಿದ್ದಲಿಗೆ ಹೈಡ್ರೋಜನ್ ಸೇರಿಸಿ ದ್ರವ ಮಾಡುವ ದಾರಿ ತೋರಿಸಿದ. 1931ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಕಾರ್ಲ್ ಬಾಷ್ ಜೊತೆ ಹಂಚಿಕೊಂಡ. ಮ್ಯೂಲ್‌ಹೈಮ್‌ನ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ ಫ್ರಾನ್ಜ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಷ್ 1925ರಲ್ಲಿ ಇನ್ನೊಂದು ದಾರಿ ಕಂಡುಕೊಂಡರು. ಕಲ್ಲಿದ್ದಲನ್ನು ಅನಿಲ ಮಾಡು, ಆ ಅನಿಲದಿಂದ ಸರಪಳಿ ಹೆಣೆದ ಹಾಗೆ ಎಣ್ಣೆಯ ಅಣುಗಳನ್ನು ಹೆಣೆ. ಈ ಇಬ್ಬರ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾರೆ.

ಅಮೆರಿಕಾದಲ್ಲೂ 1929ರಲ್ಲೇ ಸ್ಟ್ಯಾಂಡರ್ಡ್ ಆಯಿಲ್ ಆಫ್ ಇಂಡಿಯಾನಾ ಕಂಪನಿ ಕೃತಕ ಎಣ್ಣೆಯನ್ನು ಮಾರುಕಟ್ಟೆಗೆ ತರಲು ನೋಡಿತ್ತು. ಕೊಳ್ಳುವವರು ಸಿಗಲಿಲ್ಲ. ನೆಲ ಕೊರೆದರೆ ಎಣ್ಣೆ ಚಿಮ್ಮುವ ದೇಶದಲ್ಲಿ ಲ್ಯಾಬಿನ ಎಣ್ಣೆಗೆ ಯಾರು ಕಾಸು ಕೊಡ್ತಾರೆ ಹೇಳಿ?

ಜರ್ಮನಿಗೆ ಬೇರೆ ದಾರಿ ಇರಲಿಲ್ಲ. ಐ.ಜಿ. ಫಾರ್ಬೆನ್ ಕಂಪನಿಯಲ್ಲಿ ಹರ್ಮನ್ ಜೋರ್ನ್ ಎಂಬ ವಿಜ್ಞಾನಿ ಎಸ್ಟರ್ ಅನ್ನುವ ಜಾತಿಯ ರಾಸಾಯನಿಕಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿ ನೋಡಿದ. ತಮಾಷೆ ನೋಡಿ, ನಮ್ಮ ಹರಳೆಣ್ಣೆಯೂ ನಿಸರ್ಗ ಮಾಡಿಟ್ಟ ಎಸ್ಟರೇ. ಹರಳೆಣ್ಣೆಯ ಜಾರುವ ಗುಣ ಬೇಕು, ಗೋಂದಾಗುವ ಗುಣ ಬೇಡ, ಹುಡುಕಾಟ ಇದ್ದದ್ದು ಅಂಥ ಎಣ್ಣೆಗೆ. 1941ರ ಚಳಿಗಾಲದಲ್ಲಿ ರಷ್ಯಾದೊಳಗೆ ನುಗ್ಗಿದ್ದ ಹಿಟ್ಲರನ ಸೇನೆಯ ಲಾರಿ, ಟ್ಯಾಂಕುಗಳಲ್ಲಿ ಎಂಜಿನ್ ಆಯಿಲ್ ಹೆಪ್ಪುಗಟ್ಟಿತು. ಸೈನಿಕರು ಗಾಡಿಯ ಕೆಳಗೆ ಬೆಂಕಿ ಹಾಕಿ ಎಂಜಿನ್ ಕಾಯಿಸುತ್ತಿದ್ದರು. ಎಣ್ಣೆಗೆ ಪೆಟ್ರೋಲ್ ಬೆರೆಸಿ ತೆಳ್ಳಗೆ ಮಾಡುತ್ತಿದ್ದರು. ಮಾಮೂಲಿ ಎಣ್ಣೆಯಲ್ಲಿ ಮೇಣ ಇರುತ್ತೆ, ಚಳಿಗೆ ಗಟ್ಟಿಯಾಗುತ್ತೆ, ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲಿ ಗಟ್ಟಿಯಾದ ಹಾಗೆ. ಕೃತಕ ಎಣ್ಣೆಯಲ್ಲಿ ಆ ಮೇಣ ಇರೋದಿಲ್ಲ. ಸಿಂಥೆಟಿಕ್ಕಿನ ಮೊದಲ ಹೆಗ್ಗಳಿಕೆಯೇ ಇದು: ಕೊರೆಯುವ ಚಳಿಯಲ್ಲಿ ಹರಿಯುತ್ತೆ. ಈ ಮಾತನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ. ಬೆಂಗಳೂರಿಗೆ ಬಂದಾಗ ಬೇಕಾಗುತ್ತೆ.

ಯುದ್ಧ ಮುಗಿಯಿತು. ಜೆಟ್ ಎಂಜಿನ್ ಬಂತು. ಅದರ ಬಿಸಿಗೆ ಖನಿಜ ಎಣ್ಣೆ ತಡೆಯಲಿಲ್ಲ, ಎಸ್ಟರ್ ಎಣ್ಣೆಗಳು ತಡೆದವು. ಅಮೆರಿಕಾದ ಮಿನ್ನೆಸೋಟಾ ರಾಜ್ಯದ ಡುಲೂತ್ ಊರಿನಲ್ಲಿ ಆಲ್ ಅಮಾಟುಜಿಯೋ ಅನ್ನುವ ಫೈಟರ್ ಪೈಲಟ್ ಇದ್ದ. ನಾನು ಹಾರಿಸುವ ಜೆಟ್ಟಿಗೆ ಈ ಎಣ್ಣೆ ಆಗುತ್ತೆ ಅಂದ್ರೆ ಕಾರಿಗೆ ಯಾಕಾಗಲ್ಲ ಅಂತ ಅವನ ತಲೆಗೆ ಹೊಕ್ಕಿತು. 1972ರಲ್ಲಿ ಅವನ ಆಮ್ಸಾಯಿಲ್, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ, ಅಂದರೆ ಎಪಿಐನ ಮಾನದಂಡ ಪೂರೈಸಿದ ಮೊದಲ ಸಿಂಥೆಟಿಕ್ ಕಾರ್ ಆಯಿಲ್ ಆಗಿ ಹೊರಬಂತು. ಒಂದು ಸಲ ಹಾಕಿದರೆ 25,000 ಮೈಲಿ ಬದಲಾಯಿಸಬೇಡಿ ಅಂದ. ಮೂರು ಸಾವಿರ ಮೈಲಿಗೆ ಎಣ್ಣೆ ಬದಲಾಯಿಸುತ್ತಿದ್ದ ಜನ ನಕ್ಕರು.

ಆದರೆ ಮರು ವರ್ಷ ನಗು ನಿಂತಿತು. 1973ರ ಅಕ್ಟೋಬರ್. ಅರಬ್-ಇಸ್ರೇಲ್ ಯುದ್ಧ, ಅರಬ್ ದೇಶಗಳ ತೈಲ ನಿರ್ಬಂಧ. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ಪೆಟ್ರೋಲ್ ಉಳಿಸಬೇಕು, ಎಣ್ಣೆ ಉಳಿಸಬೇಕು. ಮೊಬಿಲ್ ಕಂಪನಿ 1974ರಲ್ಲಿ ಮೊಬಿಲ್ ಒನ್ ತಂದಿತು. ಎಂಜಿನ್ನಿನ ಒಳಗಿನ ಎಳೆತ ಕಡಿಮೆ ಮಾಡಿ ಪೆಟ್ರೋಲ್ ಉಳಿಸಲು ಬಹಳ ತೆಳ್ಳಗಿನ ಗ್ರೇಡು, 5 ಡಬ್ಲ್ಯೂ 20. ಬೆಲೆ ಮಾಮೂಲಿ ಎಣ್ಣೆಯ ಹಲವು ಪಟ್ಟು.

ಈಗ ಬರುತ್ತೆ ನೋಡಿ, ನಮ್ಮ ಪದ್ಮಿನಿ ಮೆಕ್ಯಾನಿಕ್ಕಿನ ಭಯದ ಹುಟ್ಟೂರು.

ಆ ಕಾಲದ ಕಾರುಗಳ ಗ್ಯಾಸ್ಕೆಟ್ಟು ಬೆಂಡಿನದ್ದು, ಕಾಗದದ್ದು. ಆಯಿಲ್ ಸೀಲು ಆ ಕಾಲದ ರಬ್ಬರು, ಕೆಲವು ಕಡೆ ಹಗ್ಗ. ಅವೆಲ್ಲ ವರ್ಷಗಟ್ಟಲೆ ಮಿನರಲ್ ಆಯಿಲ್ ಕುಡಿದು ಉಬ್ಬಿ ಸಂದು ಮುಚ್ಚಿಕೊಂಡಿದ್ದವು. ಹೊಸ ಎಣ್ಣೆಯ ಮುಖ್ಯ ದ್ರವ್ಯ ಪಾಲಿಆಲ್ಫಾಒಲೆಫಿನ್, ಎಂಜಿನಿಯರುಗಳು ಚಿಕ್ಕದಾಗಿ ಪಿಎಒ ಅಂತಾರೆ. ಅದು ರಬ್ಬರನ್ನು ಉಬ್ಬಿಸುವುದಿಲ್ಲ, ಬದಲಿಗೆ ಸ್ವಲ್ಪ ಕುಗ್ಗಿಸುತ್ತೆ. ಎಸ್ಟರ್ ಇದಕ್ಕೆ ಉಲ್ಟಾ, ಉಬ್ಬಿಸುತ್ತೆ. ಎರಡನ್ನೂ ಹದವಾಗಿ ಬೆರೆಸಬೇಕು ಅನ್ನೋ ಪಾಕ ಆಗಿನ್ನೂ ಕೈಗೆ ಕೂತಿರಲಿಲ್ಲ. ಜೊತೆಗೆ ಎಣ್ಣೆಯೇ ತೆಳ್ಳಗೆ. ಫಲಿತಾಂಶ? ಹಳೇ ಕಾರಿಗೆ ಸಿಂಥೆಟಿಕ್ ಹಾಕಿದವರ ಮನೆಯ ಮುಂದೆ ಎಣ್ಣೆಯ ರಂಗೋಲಿ. ಇನ್ನೊಂದು ಕಾರಣವೂ ಇತ್ತು. ವರ್ಷಗಳ ಕಾಲ ಎಂಜಿನ್ನಿನೊಳಗೆ ಕೂತಿದ್ದ ಕಪ್ಪು ಜಿಡ್ಡು ಎಷ್ಟೋ ಕಡೆ ತಾನೇ ಸೀಲಿನ ಕೆಲಸ ಮಾಡುತ್ತಿತ್ತು. ಹೊಸ ಎಣ್ಣೆ ಅದನ್ನ ತೊಳೆಯಿತು. ತೂತು ಬಯಲಾಯಿತು.

"ಸಿಂಥೆಟಿಕ್ ತೆಳ್ಳಗಿರುತ್ತೆ, ಹಳೇ ಎಂಜಿನ್ ಲೀಕ್ ಆಗುತ್ತೆ" ಅನ್ನುವ ಮಾತು ಗ್ಯಾರೇಜಿನಿಂದ ಗ್ಯಾರೇಜಿಗೆ ಹಬ್ಬಿ ಸಮುದ್ರ ದಾಟಿ ಬಂತು. ಮಾತು ಹುಟ್ಟಿದಾಗ ನಿಜವೇ ಆಗಿತ್ತು. ಆದರೆ ಆಮೇಲೆ ಎಣ್ಣೆಯ ಪಾಕ ಬದಲಾಯಿತು, ಸೀಲಿನ ರಬ್ಬರು ಬದಲಾಯಿತು, ಸೀಲಿಗೆ ಹೊಂದುತ್ತಾ ಅನ್ನೋದನ್ನೂ ಪರೀಕ್ಷೆ ಮಾಡುವ ಪದ್ಧತಿ ಬಂತು. ಮಾತು ಮಾತ್ರ ಬದಲಾಗಲಿಲ್ಲ. ತೆಳುವಿನ ವಿಚಾರವಂತೂ ಶುದ್ಧ ತಪ್ಪು ತಿಳಿವಳಿಕೆ. ತೆಳ್ಳಗೋ ದಪ್ಪವೋ ಅನ್ನೋದನ್ನ ಹೇಳೋದು ಗ್ರೇಡಿನ ಅಂಕಿ. 50 ಅಂತ ಇದ್ದರೆ 100 ಡಿಗ್ರಿ ಬಿಸಿಯಲ್ಲಿ ಅದರ ಸ್ನಿಗ್ಧತೆ 16.3ರಿಂದ 21.9 ಸೆಂಟಿಸ್ಟೋಕ್ಸ್ ನಡುವೆ ಇರಲೇಬೇಕು. ಮಿನರಲ್ ಆಗಲಿ, ಸಿಂಥೆಟಿಕ್ ಆಗಲಿ. 20 ಡಬ್ಲ್ಯೂ 50 ಸಿಂಥೆಟಿಕ್ಕೂ ಸಿಗುತ್ತೆ ಸ್ವಾಮಿ!

ಆ ಹೊತ್ತಿಗೆ ನಮ್ಮ ದೇಶದಲ್ಲಿ ಏನು ನಡೀತಿತ್ತು? ನಮ್ಮಲ್ಲಿ ಕಾರು ಅಂದ್ರೆ ಅಂಬಾಸಿಡರ್, ಪದ್ಮಿನಿ, ಮದ್ರಾಸಿನ ಸ್ಟ್ಯಾಂಡರ್ಡ್. ಅಷ್ಟೇ. ಇಂಡಿಯನ್ ಆಯಿಲ್ ಕಂಪನಿ 1972ರಲ್ಲಿ ಸರ್ವೋ ಹೆಸರಿನ ಎಣ್ಣೆ ತಂದಿತು. ಅದೇ ದಶಕದಲ್ಲಿ ಎಸ್ಸೊ, ಬರ್ಮಾ ಶೆಲ್, ಕ್ಯಾಲ್ಟೆಕ್ಸ್ ಒಂದೊಂದಾಗಿ ಸರ್ಕಾರದ ಕೈಗೆ ಬಂದವು. ಯಾವ ಎಣ್ಣೆ ಅನ್ನುವ ಪ್ರಶ್ನೆ ಆಗಿನ ಕಾರು ಮಾಲೀಕನಿಗೆ ಇರಲೇ ಇಲ್ಲ. ಬಂಕಿನಲ್ಲಿ ಸಿಕ್ಕಿದ್ದೇ ಎಣ್ಣೆ.

ಅಂಬಾಸಿಡರ್ ನಿಂತಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು, ನೆನಪಿದೆಯಾ? ಸರ್ಕಾರಿ ಕಚೇರಿಗಳ ಪೋರ್ಟಿಕೋದಲ್ಲಿ ಕಪ್ಪು ಕಲೆ ಇಲ್ಲದ ನೆಲ ಇತ್ತಾ? ಅದು ಮೆಕ್ಯಾನಿಕ್ಕಿನ ತಪ್ಪಲ್ಲ, ಎಣ್ಣೆಯ ತಪ್ಪೂ ಅಲ್ಲ. ಆ 1489 ಸಿಸಿ ಪೆಟ್ರೋಲ್ ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸೀರೀಸ್. ಅದರ ಮೂಲ ವಿನ್ಯಾಸದಲ್ಲಿ ಕ್ರ್ಯಾಂಕ್ ಶಾಫ್ಟಿನ ಹಿಂಬದಿಗೆ ರಬ್ಬರ್ ಸೀಲೇ ಇಲ್ಲ! ಶಾಫ್ಟಿನ ಮೇಲೆ ಸ್ಕ್ರೂ ತರದ ಒಂದು ಗೆರೆ ಕೊರೆದಿದ್ದಾರೆ. ಶಾಫ್ಟು ತಿರುಗುವಾಗ ಆ ಗೆರೆ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಎಂಜಿನ್ ನಿಂತಾಗ? ಎಳೆಯೋರು ಯಾರೂ ಇಲ್ಲ. ತೊಟ್ಟಿಕ್ಕುತ್ತೆ. ಇಂಥ ಎಂಜಿನ್ನಿಗೆ ದುಬಾರಿ ಎಣ್ಣೆ ಹಾಕೋದು ಅಂದ್ರೆ ತೂತಿನ ಕೊಡಕ್ಕೆ ಪನ್ನೀರು ತುಂಬಿದ ಹಾಗೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1990ರ ದಶಕದ ಉದಾರೀಕರಣದ ನಂತರ ವಿದೇಶಿ ಕಾರು, ವಿದೇಶಿ ಎಣ್ಣೆ ಎರಡೂ ಬಂದವು. ಸಿಂಥೆಟಿಕ್ ಅನ್ನುವ ಪದ ನಮ್ಮ ಅಂಗಡಿಯ ಕಪಾಟಿಗೆ ಏರಿದ್ದು ಹೆಚ್ಚುಕಡಿಮೆ ಆಗ. ಆದರೆ ಹಳೇ ಕಾರಿನವರಿಗೆ ನಿಜವಾಗಿ ಮುಖ್ಯವಾದ ಬದಲಾವಣೆ ಆ ಪದದಲ್ಲಿ ಇರಲಿಲ್ಲ. ಅದು ಯಾರ ಕಣ್ಣಿಗೂ ಬೀಳದ ಹಾಗೆ ಬೇರೆ ಬಾಗಿಲಿನಿಂದ ಬಂತು.

ಆ ಬಾಗಿಲ ಹೆಸರು ಸತು. ಹೌದು, ಜಿಂಕ್.

ಲೂಬ್ರಿಜಾಲ್ ಕಂಪನಿ 1940ರ ದಶಕದ ಶುರುವಿನಲ್ಲಿ ಸತು ಮತ್ತು ರಂಜಕ, ಅಂದರೆ ಫಾಸ್ಫರಸ್, ಇರುವ ಒಂದು ರಾಸಾಯನಿಕವನ್ನು ಎಂಜಿನ್ ಆಯಿಲ್‌ಗೆ ತಂದಿತು. ಉದ್ದನೆಯ ಹೆಸರು, ಚಿಕ್ಕದಾಗಿ ಜೆಡ್‌ಡಿಡಿಪಿ. ಮೊದಲು ಎಣ್ಣೆ ಕೆಡದ ಹಾಗೆ, ಬೇರಿಂಗು ತುಕ್ಕು ತಿನ್ನದ ಹಾಗೆ ಕಾಯಲಿ ಅಂತ ಹಾಕಿದರು. ಆಮೇಲೆ ಗೊತ್ತಾಯಿತು, ಅದರ ದೊಡ್ಡ ಗುಣ ಬೇರೆಯೇ. ಲೋಹಕ್ಕೆ ಲೋಹ ಜೋರಾಗಿ ಉಜ್ಜುವ ಜಾಗದಲ್ಲಿ ಬಿಸಿಗೆ ಒಡೆದು, ಗಾಜಿನಂಥ ಒಂದು ತೆಳು ಪೊರೆ ಕಟ್ಟುತ್ತೆ. ಸವೆಯೋದು ಆ ಪೊರೆ, ಲೋಹ ಅಲ್ಲ.

ಅಂಬಾಸಿಡರಿನ ಆ ಹಳೇ ಎಂಜಿನ್ನಿನಲ್ಲಿ, ಪದ್ಮಿನಿಯ 1089 ಸಿಸಿ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟು ಬ್ಲಾಕಿನ ಒಳಗೆ ಇದೆ. ಕ್ಯಾಮಿನ ಉಬ್ಬು ಟ್ಯಾಪೆಟ್ಟಿನ ಚಪ್ಪಟೆ ತಳವನ್ನು ಉಜ್ಜಿಕೊಂಡೇ ಮೇಲೆತ್ತಬೇಕು. ಅಲ್ಲಿ ಉರುಳುವ ರೋಲರು ಇಲ್ಲ. ಸತುವಿನ ಪೊರೆ ಬೇಕೇ ಬೇಕಾಗಿರೋದು ಅಲ್ಲಿಗೆ.

ಹಾಗಾದರೆ ಅದನ್ನ ಕಡಿಮೆ ಮಾಡಿದ್ದು ಯಾಕೆ? ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅಮೆರಿಕಾದಲ್ಲಿ 1975ರ ಮಾಡೆಲ್ ಕಾರುಗಳಿಂದ. ನಮ್ಮಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಸುಪ್ರೀಂ ಕೋರ್ಟಿನಲ್ಲಿ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಗಳ ಫಲ ಅದು. 2000ದ ಫೆಬ್ರವರಿಯಿಂದ ದೇಶಕ್ಕೆಲ್ಲ ಸೀಸ ಇಲ್ಲದ ಪೆಟ್ರೋಲು. ಕನ್ವರ್ಟರಿಗೆ ಸೀಸ ವಿಷ. ರಂಜಕವೂ ವಿಷ. ಎಂಜಿನ್ ಸುಡುವ ಚೂರುಪಾರು ಎಣ್ಣೆಯ ಜೊತೆ ಹೊರಗೆ ಹೋದ ರಂಜಕ ಕನ್ವರ್ಟರಿನ ಉಸಿರು ಕಟ್ಟಿಸುತ್ತೆ. ಹಾಗಾಗಿ ಎಣ್ಣೆಯಲ್ಲಿ ರಂಜಕ ಎಷ್ಟಿರಬೇಕು ಅನ್ನೋದಕ್ಕೆ ಮಿತಿ ಹಾಕಿದರು. ಎಪಿಐನ ಎಸ್‌ಎಂ ದರ್ಜೆ ಬಂದದ್ದು 2004ರಲ್ಲಿ. ಆಗ ಮಿತಿ ಶೇ. 0.10ರಿಂದ 0.08ಕ್ಕೆ ಇಳಿಯಿತು. ರಂಜಕ ಇಳಿದರೆ ಅದರ ಜೊತೆಗಾರ ಸತುವೂ ಇಳಿದ ಹಾಗೇ.

ಗಾಳಿ ಶುದ್ಧವಾಯಿತು, ಒಳ್ಳೇದೇ ಆಯಿತು. ಆದರೆ ಅಮೆರಿಕಾ, ಯುರೋಪಿನ ಹಳೇ ಕಾರು ಪ್ರಿಯರ ನಡುವೆ ಗುಲ್ಲೆದ್ದಿತು. ಹೊಸ ಎಣ್ಣೆ ಹಾಕಿದ ಹಳೇ ಎಂಜಿನ್ನುಗಳ ಕ್ಯಾಮು ಸವೆಯುತ್ತಿದೆ ಅಂತ.

ಇಲ್ಲಿ ಗಮನಿಸಿ, ಜಗಳ ಸಿಂಥೆಟಿಕ್ ಮತ್ತು ಮಿನರಲ್ ನಡುವೆ ಅಲ್ಲವೇ ಅಲ್ಲ. ಸತು ಕಡಿಮೆ ಇರುವ ಮಿನರಲ್ ಆಯಿಲ್ ಇರಬಹುದು, ಸತು ಜಾಸ್ತಿ ಇರುವ ಸಿಂಥೆಟಿಕ್ ಇರಬಹುದು. ಇನ್ನೂ ಒಂದು ಸೂಕ್ಷ್ಮ ಇದೆ, ನಾನು ಓದಿದಾಗ ಕುರ್ಚಿಯಲ್ಲಿ ಎದ್ದು ಕೂತೆ. ಆ 0.08ರ ಮಿತಿ ಎಲ್ಲಾ ಎಣ್ಣೆಗೂ ಇಲ್ಲ. 0 ಡಬ್ಲ್ಯೂ 20, 5 ಡಬ್ಲ್ಯೂ 30, 10 ಡಬ್ಲ್ಯೂ 30ರಂಥ ತೆಳು ಗ್ರೇಡುಗಳಿಗೆ ಮಾತ್ರ. 15 ಡಬ್ಲ್ಯೂ 40, 20 ಡಬ್ಲ್ಯೂ 50ರಂಥ ದಪ್ಪ ಗ್ರೇಡುಗಳಿಗೆ ಆ ಮೇಲ್ಮಿತಿ ಅನ್ವಯಿಸೋದಿಲ್ಲ. ಅಂದ್ರೆ ಏನಾಯ್ತು? ಮಗನ ಮಾತು ಕೇಳಿ ಹೊಸ ಕಾರಿಗೆ ಹಾಕುವ ತೆಳು ಸಿಂಥೆಟಿಕ್ಕನ್ನೇ ಪದ್ಮಿನಿಗೆ ಸುರಿದರೆ ಎರಡು ಕಡೆಯಿಂದ ಪೆಟ್ಟು. ಗ್ರೇಡೂ ತಪ್ಪು, ಸತುವೂ ಕಮ್ಮಿ. ಎಂಜಿನ್ ಹಾಳಾದರೆ ಬೈಗುಳ ತಿನ್ನೋದು ಮಾತ್ರ ಸಿಂಥೆಟಿಕ್ ಅನ್ನುವ ಪದ.

ಇನ್ನು ಆ ಪದದ ಕತೆಯೇ ಕೇಳಿ. ಸಿಂಥೆಟಿಕ್ ಅಂದ್ರೆ ಏನು? ಲ್ಯಾಬಿನಲ್ಲಿ ಅಣು ಅಣು ಜೋಡಿಸಿ ಮಾಡಿದ್ದು ಅಂತ ತಾನೇ ನಾವು ಅಂದ್ಕೊಂಡಿರೋದು? 1990ರ ದಶಕದ ಕೊನೆಗೆ ಅಮೆರಿಕಾದಲ್ಲಿ ಕ್ಯಾಸ್ಟ್ರಾಲ್ ತನ್ನ ಸಿನ್‌ಟೆಕ್ ಎಣ್ಣೆಯಲ್ಲಿ ಪಿಎಒ ತೆಗೆದು, ಕಚ್ಚಾ ತೈಲವನ್ನೇ ಹೈಡ್ರೋಜನ್ ಜೊತೆ ಭಾರೀ ಒತ್ತಡದಲ್ಲಿ ಒಡೆದು ಮರುಜೋಡಿಸಿದ ಎಣ್ಣೆ ಹಾಕಿತು. ಎಂಜಿನಿಯರುಗಳ ಲೆಕ್ಕದಲ್ಲಿ ಇದು ಗ್ರೂಪ್ 3, ಪಿಎಒ ಗ್ರೂಪ್ 4. ಡಬ್ಬಿಯ ಮೇಲೆ ಮಾತ್ರ ಅದೇ ಸಿಂಥೆಟಿಕ್. ಮೊಬಿಲ್ ಕಂಪನಿ ದೂರು ಕೊಟ್ಟಿತು. ದೂರು ಹೋಗಿದ್ದು ಎಲ್ಲಿಗೆ? ವಿಜ್ಞಾನಿಗಳ ಸಭೆಗಲ್ಲ, ನ್ಯಾಯಾಲಯಕ್ಕೂ ಅಲ್ಲ. ಜಾಹೀರಾತುಗಳ ಸತ್ಯಾಸತ್ಯ ನೋಡುವ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್ ಎಂಬ ಸಂಸ್ಥೆಗೆ. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರವಾಗಿ ಬಂತು. ಅಣುವಿನ ರಚನೆಯೇ ಬದಲಾಗಿದೆ, ಸಿಂಥೆಟಿಕ್ ಅನ್ನಬಹುದು ಅಂತ.

ಗ್ರೂಪ್ 3 ಕೆಟ್ಟ ಎಣ್ಣೆ ಅಂತ ನಾನು ಹೇಳ್ತಿಲ್ಲ. ಬಹಳ ಒಳ್ಳೆಯ ಎಣ್ಣೆ ಅದು. ಆದರೆ ಆವತ್ತಿನಿಂದ ಡಬ್ಬಿಯ ಮುಂದಿರುವ ಆ ಪದ, ಒಳಗೆ ಏನಿದೆ ಅನ್ನೋದನ್ನ ಪೂರ್ತಿ ಹೇಳೋದನ್ನ ನಿಲ್ಲಿಸಿತು. ಇನ್ನೂ ಸೋಜಿಗ ಬೇಕಾ? ಕತಾರ್‌ನ ರಾಸ್ ಲಫಾನ್‌ನಲ್ಲಿ ಶೆಲ್ ಕಂಪನಿ ಪಾಲುದಾರನಾಗಿರುವ ಪರ್ಲ್ ಸ್ಥಾವರ 2011ರಲ್ಲಿ ಶುರುವಾಯಿತು. ಅಲ್ಲಿ ನೈಸರ್ಗಿಕ ಅನಿಲದಿಂದ ಎಣ್ಣೆ ಮಾಡ್ತಾರೆ. ಯಾವ ವಿಧಾನದಿಂದ? ಆಗ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಫಿಷರ್ ಮತ್ತು ಟ್ರಾಪ್ಷ್, ಅವರ 1925ರ ದಾರಿಯಿಂದ! ಕಚ್ಚಾ ತೈಲದ ಮುಖವನ್ನೇ ನೋಡದ ಆ ಎಣ್ಣೆಯನ್ನೂ ಪಟ್ಟಿಯಲ್ಲಿ ಕೂರಿಸಿರೋದು ಅದೇ ಗ್ರೂಪ್ 3ರಲ್ಲಿ. ಸೆಮಿ ಸಿಂಥೆಟಿಕ್ ಅಂತ ಮಾರುವುದರಲ್ಲಿ ಸಿಂಥೆಟಿಕ್ ಪಾಲು ಎಷ್ಟು ಅಂತ ಡಬ್ಬಿ ನೋಡಿ ಹೇಳಿ ನೋಡೋಣ. ಆಗಲ್ಲ.

ಈಗ ಬೆಂಗಳೂರಿಗೆ ಬರೋಣ. ಸಿಂಥೆಟಿಕ್ಕಿನ ದೊಡ್ಡ ಹೆಗ್ಗಳಿಕೆ ಚಳಿ ಅಂದೆ. 20 ಡಬ್ಲ್ಯೂ ಅಂದರೆ ಆ ಎಣ್ಣೆಯನ್ನು ಮೈನಸ್ 15 ಡಿಗ್ರಿಯಲ್ಲಿ ಎಂಜಿನ್ ತಿರುಗುತ್ತಾ ಅಂತ ಪರೀಕ್ಷೆ ಮಾಡಿರ್ತಾರೆ. 5 ಡಬ್ಲ್ಯೂ ಅಂದರೆ ಮೈನಸ್ 30. ಬೆಂಗಳೂರಿನ ದಾಖಲೆಯ ಅತಿ ಕಡಿಮೆ ತಾಪಮಾನ ಎಷ್ಟು ಗೊತ್ತಾ? 1884ರ ಜನವರಿಯಲ್ಲಿ 7.8 ಡಿಗ್ರಿ. ಸೊನ್ನೆಗಿಂತ ಮೇಲೆ! ಬಿ.ಸಿ. ರೋಡಿನಿಂದ ಬೀದರ್‌ವರೆಗೆ ಎಲ್ಲಿ ಹೋದರೂ ಸ್ಟಾಲಿನ್‌ಗ್ರಾಡಿನ ಚಳಿ ನಮಗಿಲ್ಲ. ಎರಡನೇ ಹೆಗ್ಗಳಿಕೆ, ಬಹಳ ದಿನ ಕೆಡದೆ ಬಾಳಿಕೆ ಬರುತ್ತೆ. ಹೊಸ ಎಂಜಿನ್ನಿನಲ್ಲಿ ಖಂಡಿತ. ಆದರೆ ಕಾರ್ಬ್ಯುರೇಟರ್ ಇರುವ ಹಳೇ ಎಂಜಿನ್ನು ಎಣ್ಣೆಯನ್ನು ಕೆಡಿಸೋದು ಬಿಸಿಯಿಂದ ಮಾತ್ರ ಅಲ್ಲ. ಚೋಕ್ ಎಳೆದಾಗ ಇಳಿಯುವ ಪೆಟ್ರೋಲು, ಸವೆದ ರಿಂಗಿನ ಸಂದಿಯಿಂದ ಬರುವ ಮಸಿ, ವಾರಕ್ಕೊಮ್ಮೆ ಮಾತ್ರ ಓಡಿಸುವುದರಿಂದ ಕೂಡುವ ನೀರಿನ ಪಸೆ. ಎಷ್ಟೇ ಒಳ್ಳೆಯ ಎಣ್ಣೆ ಹಾಕಿದರೂ ಈ ಕೊಳೆ ಹೊರಗೆ ಹೋಗಬೇಕಾದರೆ ಎಣ್ಣೆ ಬದಲಾಯಿಸಲೇಬೇಕು. ಎರಡು ವರ್ಷ ದುಬಾರಿ ಎಣ್ಣೆಯಲ್ಲಿ ಓಡಿಸುವುದಕ್ಕಿಂತ, ಅದೇ ದುಡ್ಡಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಒಳ್ಳೆ ಮಿನರಲ್ ಆಯಿಲ್ ಬದಲಾಯಿಸೋದು ಅಂಥ ಕಾರಿಗೆ ಹೆಚ್ಚು ಉಪಕಾರ.

ಹಾಗಂತ ಹಳೇ ಕಾರೆಲ್ಲ ಒಂದೇ ತರ ಅಲ್ಲ. 1998ರ ಸ್ಯಾಂಟ್ರೋದಿಂದ ಈಚೆಗೆ ಬಂದ ಕಾರುಗಳಿಗೂ ಈಗ ಹದಿನೈದು, ಇಪ್ಪತ್ತು ವರ್ಷ ದಾಟಿದೆ. ಅವೂ ಆರ್‌ಟಿಒ ಲೆಕ್ಕದಲ್ಲಿ ಹಳೇ ಕಾರೇ. ಆದರೆ ಅವುಗಳ ಸೀಲು ಹೊಸ ರಬ್ಬರಿನದ್ದು, ಹೊಟ್ಟೆಯಲ್ಲಿ ಕನ್ವರ್ಟರ್ ಇದೆ, ಇಂಧನ ಅಳೆದು ಹಾಕುವ ಕಂಪ್ಯೂಟರ್ ಇದೆ. ಅಂಥ ಕಾರು ಎಣ್ಣೆ ಕುಡಿಯುತ್ತಿಲ್ಲ, ಹೊಗೆ ಬಿಡುತ್ತಿಲ್ಲ, ಲೀಕ್ ಇಲ್ಲ ಅಂದರೆ ಹ್ಯಾಂಡ್‌ಬುಕ್ಕಿನಲ್ಲಿ ಹೇಳಿದ ಗ್ರೇಡಿನಲ್ಲೇ ಸಿಂಥೆಟಿಕ್ ಹಾಕಿಸಿ, ಹೆದರಬೇಡಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ಕುದಿಯುವ ಎಂಜಿನ್ನಿಗೆ, ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಅದು ತಡೆಯುತ್ತೆ. ಡೀಸೆಲ್ ಟರ್ಬೊ ಆದರಂತೂ ಇನ್ನೂ ಒಳ್ಳೇದು. ಲೀಕ್ ಇದ್ದರೆ ಮೊದಲು ಸೀಲು ಬದಲಾಯಿಸಿ, ಆಮೇಲೆ ಎಣ್ಣೆಯ ಮಾತು. ಇನ್ನೊಂದು, ಹಳೇ ಎಣ್ಣೆಯ ಖಾಲಿ ಡಬ್ಬಿಗೆ ಕಣ್ಣ ಮುಂದೆಯೇ ತೂತು ಹೊಡೆಸಿ ಬನ್ನಿ. ಆ ಡಬ್ಬಿ ಇನ್ಯಾರದೋ ಕೈಗೆ ಸಿಕ್ಕಿ ನಕಲಿ ಎಣ್ಣೆ ತುಂಬಿಕೊಂಡು ಮತ್ತೆ ಅಂಗಡಿಗೆ ಬಂದರೆ, ಸಿಂಥೆಟಿಕ್ಕೂ ಇಲ್ಲ ಮಿನರಲ್ಲೂ ಇಲ್ಲ.

ಆ ಹಿರಿಯರ ನಂಬರ್ ಮದುವೆ ಮನೆಯಲ್ಲೇ ತಗೊಂಡಿದ್ದೆ. ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಎಂಜಿನ್ ಬಿಚ್ಚಿಸಿದ್ದೀರಾ ಅಂತ ಕೇಳಿದೆ. ಇಲ್ಲ ಸಾರ್, ತಂದೆಯವರ ಕಾಲದಿಂದ ಮುಟ್ಟಿಲ್ಲ ಅಂದರು. ಹಾಗಾದರೆ ಮೆಕ್ಯಾನಿಕ್ ಹೇಳಿದ ಹಾಗೆ ಮಿನರಲ್ಲೇ ಇರಲಿ, ಆದರೆ ಅವರು ಹೇಳಿದ ಕಾರಣಕ್ಕಲ್ಲ ಅಂದೆ. ಮನೆಯಲ್ಲಿ ಒಂದು ಡಬ್ಬಿ ಇದೆ, ತಂದು ನೋಡ್ತೀನಿ ಇರಿ ಅಂದರು. ಕನ್ನಡಕ ಹುಡುಕುವ ಸದ್ದು. ಆಮೇಲೆ ನಿಧಾನವಾಗಿ ಒಂದೊಂದೇ ಅಕ್ಷರ ಓದತೊಡಗಿದರು. "ಇಪ್ಪತ್ತು ಡಬ್ಲ್ಯೂ ಐವತ್ತು... ಎಪಿಐ ಎಸ್... ಮುಂದಿನ ಅಕ್ಷರ ಅಳಿಸಿಹೋಗಿದೆ ಸಾರ್. ತಡೀರಿ, ಮಗನ್ನ ಕರೀತೀನಿ, ಅವನ ಕಣ್ಣು ಚೆನ್ನಾಗಿದೆ."